ಗೂಡು ತಪ್ಪಿದ ಅಳಿಲು ಮರಿಯ ಆರೈಕೆ

ದಕ್ಷಿಣ ಭಾರತದ ಊರು, ತೋಟ, ಹಿತ್ತಿಲುಗಳಲ್ಲಿ ಓಡಾಡುವ ಮೂರು ಗೆರೆಯ ಅಳಿಲು ಮನುಷ್ಯರ ನೆಲೆಗೆ ಒತ್ತಿಕೊಂಡೇ ಬದುಕುವ ಪ್ರಾಣಿ. ಪ್ರಾಣಿಶಾಸ್ತ್ರದಲ್ಲಿ ಇದಕ್ಕೆ ಫ್ಯೂನಾಂಬ್ಯುಲಸ್ ಪಾಲ್ಮಾರಮ್ ಎಂದು ಹೆಸರು. ತೆಂಗಿನ ಗರಿಯ ಬುಡ, ಮಾವಿನ ಕವಲು, ಹೆಂಚಿನ ಮಾಡಿನ ಸಂದು, ಕಿಟಕಿಯ ಸಜ್ಜಾ, ಎ.ಸಿ. ಪೆಟ್ಟಿಗೆಯ ಹಿಂಬದಿ, ಎಲ್ಲಿ ಮರೆ ಸಿಕ್ಕರೂ ಅಲ್ಲಿ ನಾರು, ಒಣಹುಲ್ಲು, ಹತ್ತಿ, ಬಟ್ಟೆಯ ಚಿಂದಿ ಸೇರಿಸಿ ಗೂಡು ಕಟ್ಟುತ್ತದೆ. ಬಸುರಿನ ಅವಧಿ ಸುಮಾರು 34 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ಮರಿ. ಬೆಳೆದ ಅಳಿಲೇ ಸುಮಾರು ನೂರು ಗ್ರಾಂ ತೂಗುವುದರಿಂದ ಹುಟ್ಟಿದ ಮರಿಯ ತೂಕ ಕೆಲವೇ ಗ್ರಾಂ. ಮರ ಕಡಿದಾಗ, ತೆಂಗಿನ ಗರಿ ಸವರಿದಾಗ, ಮಾಡು ರಿಪೇರಿ ಮಾಡಿದಾಗ, ಗಾಳಿಮಳೆಗೆ ಗೂಡು ಕಿತ್ತುಬಿದ್ದಾಗ ಈ ಮರಿಗಳು ನೆಲಕ್ಕೆ ಬೀಳುತ್ತವೆ. ಬೆಕ್ಕು, ಕಾಗೆ, ಇರುವೆಗಳಿಗೆ ಸಿಗದೆ ಉಳಿದವು ಮನುಷ್ಯರ ಕೈ ಸೇರುತ್ತವೆ.

ಕೈಗೆ ಬಂದ ಮರಿಯ ವಯಸ್ಸನ್ನು ಮೊದಲು ಅಂದಾಜು ಮಾಡಬೇಕು. ಮುಂದಿನ ಕ್ರಮವೆಲ್ಲ ಅದರ ಮೇಲೆ ನಿಂತಿದೆ. ಮೈಯಲ್ಲಿ ಕೂದಲಿಲ್ಲದೆ ನಸುಗೆಂಪಾಗಿದ್ದು, ಕಣ್ಣು ಕಿವಿ ಎರಡೂ ಮುಚ್ಚಿದ್ದರೆ ಅದು ಮೊದಲ ವಾರದ ಮರಿ. ಬೆನ್ನಿನ ಗೆರೆಗಳು ಕೂದಲು ಬರುವ ಮೊದಲೇ ಚರ್ಮದಡಿಯಲ್ಲಿ ಕಪ್ಪು ಛಾಯೆಯಾಗಿ ಮೂಡುತ್ತವೆ. ಆಮೇಲೆ ಮಖಮಲ್ಲಿನಂಥ ಗಿಡ್ಡ ಕೂದಲು ಬರುತ್ತದೆ. ಕಣ್ಣು ತೆರೆಯುವುದು ಮೂರನೆಯ ವಾರದ ಆಸುಪಾಸಿನಲ್ಲಿ. ಅಲ್ಲಿಂದ ಮುಂದೆ ಬಾಲದ ಕೂದಲು ಹರಡಿಕೊಳ್ಳುತ್ತದೆ, ಮರಿ ತೆವಳುವುದನ್ನು ಬಿಟ್ಟು ಹತ್ತತೊಡಗುತ್ತದೆ. ತಾಯಿಯ ಹಾಲು ಪೂರ್ತಿ ಬಿಡಲು ಎರಡು ತಿಂಗಳು ದಾಟಬೇಕು.

ನೆಲದ ಮೇಲೆ ಸಿಕ್ಕ ಮರಿಗಳೆಲ್ಲ ಅನಾಥವಲ್ಲ. ತಾಯಿ ಅಳಿಲು ಗೂಡು ಕೆಟ್ಟರೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ಬೇರೆ ಕಡೆಗೆ ಸಾಗಿಸುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಎಂಬ ನಂಬಿಕೆ ಎಲ್ಲೆಡೆ ಇದೆ, ಅದು ತಪ್ಪು. ಕೈವಾಸನೆಗಿಂತ ಮರಿಯ ಮೈ ತಣ್ಣಗಾಗಿರುವುದೇ ತಾಯಿಗೆ ಹೆಚ್ಚಿನ ಅಡ್ಡಿ. ಆದ್ದರಿಂದ ಗಾಯವಿಲ್ಲದ ಮರಿಯನ್ನು ಮೊದಲು ಬೆಚ್ಚಗೆ ಮಾಡಿ, ಮೆತ್ತನೆಯ ಬಟ್ಟೆ ಹಾಸಿದ ತೆರೆದ ಬುಟ್ಟಿಯಲ್ಲಿಟ್ಟು, ಬಿದ್ದ ಮರಕ್ಕೇ ಬೆಕ್ಕಿಗೆ ಎಟುಕದ ಎತ್ತರದಲ್ಲಿ, ನೇರ ಬಿಸಿಲು ಬೀಳದ ಕಡೆ ಕಟ್ಟಬೇಕು. ಜನ ದೂರ ಸರಿದು ಕೆಲವು ಗಂಟೆ ನೋಡುತ್ತಿದ್ದರೆ ಎಷ್ಟೋ ಸಲ ತಾಯಿಯೇ ಬಂದು ಒಯ್ಯುತ್ತದೆ. ಕಾಗೆಗಳ ಕಾಟವಿರುವ ಕಡೆ ಬುಟ್ಟಿಯ ಮೇಲೆ ಕಣ್ಣಿಡುವುದು ಅಗತ್ಯ. ಅಳಿಲು ಹಗಲಿನ ಪ್ರಾಣಿಯಾದ್ದರಿಂದ ಕತ್ತಲಾದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ. ಸಂಜೆ ಮರಿಯನ್ನು ಒಳಗೆ ತಂದು, ಬೆಳಗಾದ ಮೇಲೆ ಇನ್ನೊಮ್ಮೆ ಪ್ರಯತ್ನಿಸಬಹುದು. ಎಷ್ಟೇ ಅಕ್ಕರೆಯಿಂದ ಸಾಕಿದರೂ ತಾಯಿಯ ಹಾಲಿಗೂ ಮೈಗಾವಿಗೂ ಸರಿಸಾಟಿಯಾದದ್ದು ಮನೆಯಲ್ಲಿಲ್ಲ. ಹೀಗಾಗಿ ಈ ಪ್ರಯತ್ನವನ್ನು ಬಿಟ್ಟು ನೇರ ಹಾಲು ಕುಡಿಸಲು ಹೊರಡಬಾರದು.

ತಾಯಿ ಸತ್ತಿದ್ದರೆ, ಮರಿಗೆ ಗಾಯವಾಗಿದ್ದರೆ, ಮೈಗೆ ಇರುವೆ ಮುತ್ತಿದ್ದರೆ, ನೊಣದ ಮೊಟ್ಟೆ ಅಂಟಿದ್ದರೆ ಕಾಯಲು ಸಮಯವಿಲ್ಲ. ಇರುವೆಗಳನ್ನು ಒಂದೊಂದಾಗಿ ತೆಗೆದು ಒದ್ದೆ ಹತ್ತಿಯಿಂದ ಒರೆಸಬೇಕು. ಇರುವೆ ಪುಡಿ, ಕೀಟನಾಶಕ ಯಾವುದನ್ನೂ ಬಳಸಬಾರದು. ಬೆಕ್ಕು ಕಚ್ಚಿದ ಮರಿಯ ವಿಷಯದಲ್ಲಿ ಇನ್ನೂ ಅವಸರ ಬೇಕು. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಹಲ್ಲು ನಾಟಿದ ತೂತು ಕಣ್ಣಿಗೆ ಕಾಣದಷ್ಟು ಚಿಕ್ಕದಿದ್ದರೂ ಸೋಂಕು ರಕ್ತಕ್ಕೇರಿ ಒಂದೆರಡು ದಿನದಲ್ಲಿ ಮರಿ ಸಾಯಬಹುದು. ಅದಕ್ಕೆ ಬೇಕಾದ ಆ್ಯಂಟಿಬಯೋಟಿಕ್‌ ಮತ್ತು ಅದರ ಅಳತೆಯನ್ನು ಪಶುವೈದ್ಯರೇ ಹೇಳಬೇಕು.

ಮನೆಗೆ ತಂದ ಮರಿಗೆ ಮೊದಲು ಬೇಕಾದದ್ದು ಆಹಾರವಲ್ಲ, ಕಾವು. ಎಳೆಯ ಅಳಿಲಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಪುಟ್ಟ ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಬಹಳ ಹೆಚ್ಚು, ಆದ್ದರಿಂದ ಬಿಸಿ ಬೇಗ ಸೋರಿಹೋಗುತ್ತದೆ. ಗೂಡಿನಲ್ಲಿ ಈ ಕೊರತೆಯನ್ನು ತಾಯಿಯ ಮೈ ಮತ್ತು ಒಡಹುಟ್ಟಿದ ಮರಿಗಳ ಗುಂಪು ತುಂಬುತ್ತವೆ. ಮೈ ತಣ್ಣಗಾದಾಗ ಕರುಳಿನ ಚಲನೆಯೂ ನಿಧಾನವಾಗುತ್ತದೆ. ಆ ಹೊತ್ತಿನಲ್ಲಿ ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಹುಳಿತು ಉಬ್ಬರ ತರುತ್ತದೆ. ಕರುಣೆಯಿಂದ ಮರಿ ಸಿಕ್ಕ ತಕ್ಷಣ ಹಾಲು ಕುಡಿಸಿದ್ದೇ ಅನೇಕ ಮರಿಗಳ ಸಾವಿಗೆ ಕಾರಣ.

ಕೂದಲಿಲ್ಲದ ಮರಿಗೆ ಸುಮಾರು 32 ಡಿಗ್ರಿ ಸೆಲ್ಸಿಯಸ್ ಬಿಸಿ ಹಿತ. ಕೂದಲು ಬಂದಂತೆ ಇದನ್ನು ಇಳಿಸುತ್ತ ಬರಬಹುದು. ರಟ್ಟಿನ ಪೆಟ್ಟಿಗೆಯ ಅರ್ಧ ಭಾಗದಲ್ಲಿ ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಟ್ಟು, ಉಳಿದ ಅರ್ಧವನ್ನು ಹಾಗೇ ಬಿಟ್ಟರೆ ಸೆಕೆಯಾದಾಗ ಮರಿ ಅತ್ತ ಸರಿದುಕೊಳ್ಳುತ್ತದೆ. ನೀರು ಆರಿದ ಬಾಟಲಿ ಮರಿಯ ಬಿಸಿಯನ್ನೇ ಹೀರುತ್ತದೆ, ಆದ್ದರಿಂದ ರಾತ್ರಿಯೂ ಎದ್ದು ಬದಲಾಯಿಸಬೇಕು. ತಲೆಯ ಮೇಲೆ ತೂಗುಬಿಟ್ಟ ಬಲ್ಬು ಚರ್ಮವನ್ನು ಒಣಗಿಸುತ್ತದೆ, ಸುಡುವುದೂ ಉಂಟು. ಹಾಸಲು ಹಳೆಯ ಹತ್ತಿ ಸೀರೆ, ಪಂಚೆಯ ತುಂಡು ಒಳ್ಳೆಯದು. ಎಳೆ ಎದ್ದ ಟವೆಲಿನ ಕುಣಿಕೆಗಳಿಗೆ ಮರಿಯ ಉಗುರು ಸಿಕ್ಕಿ ಬೆರಳು ಮುರಿಯುತ್ತದೆ.

ಮೈ ಬೆಚ್ಚಗಾದ ಮೇಲೆ ನೋಡಬೇಕಾದದ್ದು ನೀರಿನ ಕೊರತೆ. ಭುಜದ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ಅದು ತಕ್ಷಣ ಮೊದಲಿನಂತಾಗದೆ ಮಡಿಕೆಯಾಗಿ ನಿಂತರೆ ದೇಹ ಒಣಗಿದೆ ಎಂದರ್ಥ. ಔಷಧದ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, ಉಗುರುಬೆಚ್ಚಗೆ ಮಾಡಿ, ಹನಿಹನಿಯಾಗಿ ಒಂದೆರಡು ಸಲ ಕೊಟ್ಟ ನಂತರವೇ ಹಾಲಿನ ಸರದಿ.

ಹಾಲೆಂದರೆ ಎಲ್ಲರ ಕೈ ಹೋಗುವುದು ಹಸುವಿನ ಹಾಲಿನ ಪ್ಯಾಕೆಟ್ಟಿಗೆ. ಅಳಿಲಿಗೆ ಅದು ಹೊಂದುವುದಿಲ್ಲ. ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು ಶೇಕಡ 4, ಪ್ರೋಟೀನ್ ಶೇಕಡ 3ಕ್ಕಿಂತ ತುಸು ಹೆಚ್ಚು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಶೇಕಡ 5ರ ಹತ್ತಿರ. ಅಳಿಲುಗಳ ಪೈಕಿ ಹಾಲಿನ ಬಗ್ಗೆ ಅಧ್ಯಯನ ನಡೆದಿರುವ ಅಮೆರಿಕದ ಬೂದು ಅಳಿಲಿನ ಹಾಲಿನಲ್ಲಿ ಕೊಬ್ಬು ಇದರ ಹಲವು ಪಟ್ಟು, ಪ್ರೋಟೀನ್ ಸುಮಾರು ಎರಡು ಪಟ್ಟು, ಲ್ಯಾಕ್ಟೋಸ್ ಮಾತ್ರ ಕಡಿಮೆ. ದಿನಕ್ಕೆ ಹಲವು ಗಂಟೆ ಮರಿಗಳನ್ನು ಬಿಟ್ಟು ಆಹಾರಕ್ಕೆ ತಿರುಗುವ ತಾಯಿ ಸ್ವಲ್ಪ ಹಾಲಿನಲ್ಲೇ ಬಹಳ ಶಕ್ತಿಯನ್ನು ತುಂಬಿ ಕೊಡುತ್ತದೆ. ಹಸುವಿನ ಹಾಲು ಕುಡಿದ ಮರಿಗೆ ಬೇಕಾದಷ್ಟು ಕೊಬ್ಬು ಸಿಗುವುದಿಲ್ಲ. ಅರಗದ ಲ್ಯಾಕ್ಟೋಸ್ ಕರುಳಿಗೆ ನೀರನ್ನು ಎಳೆದುಕೊಂಡು ಭೇದಿ ತರುತ್ತದೆ. ಇಷ್ಟು ಸಣ್ಣ ಜೀವಕ್ಕೆ ಒಂದು ದಿನದ ಭೇದಿಯೇ ಸಾಕು, ದೇಹ ಒಣಗಿ ಸಾಯುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ನಾಯಿಮರಿಗಳಿಗೆಂದು ತಯಾರಿಸಿದ ಹಾಲಿನ ಪುಡಿ ಇದಕ್ಕಿಂತ ಎಷ್ಟೋ ಮೇಲು. ಅದನ್ನು ಮೊದಲ ದಿನ ತೆಳ್ಳಗೆ ಕಲಸಿ, ಮಲ ಸರಿಯಾಗಿರುವುದನ್ನು ನೋಡಿಕೊಂಡು ಎರಡು ಮೂರು ದಿನಗಳಲ್ಲಿ ಪೂರ್ತಿ ಹದಕ್ಕೆ ತರುವುದು ರೂಢಿ.

ಒಂದು ಹೊತ್ತಿಗೆ ಮರಿಯ ತೂಕದ ಶೇಕಡ 5ರಷ್ಟು ಹಾಲು ಸಾಕು. ಹತ್ತು ಗ್ರಾಂ ಮರಿಗೆ ಅರ್ಧ ಮಿಲಿಲೀಟರ್, ಇಪ್ಪತ್ತು ಗ್ರಾಂ ಮರಿಗೆ ಒಂದು ಮಿಲಿಲೀಟರ್. ಇಷ್ಟು ಕಡಿಮೆಯೇ ಎಂದು ಮರುಗಿ ಹೆಚ್ಚು ಕುಡಿಸಿದರೆ ಹೊಟ್ಟೆ ಉಬ್ಬುತ್ತದೆ. ಕೂದಲಿಲ್ಲದ ಮರಿಗೆ ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ; ಕೂದಲು ಬಂದರೂ ಕಣ್ಣು ತೆರೆಯದ ಮರಿಗೆ ಮೂರು ಗಂಟೆಗೊಮ್ಮೆ; ಕಣ್ಣು ತೆರೆದ ಮೇಲೆ ನಾಲ್ಕು ಗಂಟೆಗೊಮ್ಮೆ. ಗ್ರಾಂ ಲೆಕ್ಕ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಕ ನೋಡುವುದು ಬಹಳ ಉಪಯೋಗಕ್ಕೆ ಬರುತ್ತದೆ. ಮರಿ ಚುರುಕಾಗಿಯೇ ಕಂಡರೂ ತೂಕ ನಿಂತಿದೆ ಎಂದರೆ ಎಲ್ಲೋ ಕೆಡುತ್ತಿದೆ.

ಕುಡಿಸಲು ಸೂಜಿ ತೆಗೆದ ಒಂದು ಮಿಲಿಲೀಟರ್ ಸಿರಿಂಜ್ ತಕ್ಕದ್ದು. ಇಂಕ್ ಫಿಲ್ಲರ್‌ನಿಂದ ಬೀಳುವ ಹನಿ ಈ ಬಾಯಿಗೆ ದೊಡ್ಡದು. ಹಾಲಿನಲ್ಲಿ ಅದ್ದಿದ ಹತ್ತಿಬತ್ತಿಯನ್ನು ಚೀಪಿಸುವ ಹಳೆಯ ಪದ್ಧತಿಯಲ್ಲಿ ಎಷ್ಟು ಹಾಲು ಹೋಯಿತೆಂದು ತಿಳಿಯುವುದಿಲ್ಲ, ಎಳೆಗಳು ಗಂಟಲಿಗೆ ಇಳಿಯುವ ಅಪಾಯವೂ ಇದೆ. ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಬಾರದು. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಹಿಡಿದು, ಅದು ನುಂಗಿದ್ದನ್ನು ನೋಡಿ ಮುಂದಿನ ಹನಿ ಒತ್ತಬೇಕು. ಅವಸರ ಮಾಡಿದರೆ ಹಾಲು ಉಸಿರುಗೊಳವೆಗೆ ಹೋಗಿ ಮೂಗಿನಿಂದ ಗುಳ್ಳೆಯಾಗಿ ಬರುತ್ತದೆ. ಆಗ ಕೂಡಲೇ ನಿಲ್ಲಿಸಿ, ತಲೆಯನ್ನು ಕೆಳಕ್ಕೆ ಬಾಗಿಸಿ ಮೂಗು ಒರೆಸಬೇಕು. ಆಮೇಲೆ ಉಸಿರಾಟದಲ್ಲಿ ಟಿಕ್ ಟಿಕ್ ಸದ್ದು ಕೇಳಿದರೆ ಅದು ನ್ಯುಮೋನಿಯಾದ ಸೂಚನೆ, ವೈದ್ಯರ ಬಳಿ ಒಯ್ಯಲೇಬೇಕು.

ಹಾಲಿನಷ್ಟೇ ಮುಖ್ಯವಾದ ಒಂದು ಕೆಲಸ ಅನೇಕರಿಗೆ ತಿಳಿದಿಲ್ಲ. ಕಣ್ಣು ತೆರೆಯುವವರೆಗೆ ಅಳಿಲು ಮರಿ ತಾನಾಗಿ ಮಲಮೂತ್ರ ಬಿಡಲಾರದು. ತಾಯಿ ನೆಕ್ಕಿದಾಗ ಮಾತ್ರ ಬಿಡುತ್ತದೆ. ಪ್ರತಿ ಸಲ ಹಾಲು ಕುಡಿಸುವ ಮುನ್ನ ಮತ್ತು ನಂತರ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಆ ಭಾಗವನ್ನು ಮೃದುವಾಗಿ ತಟ್ಟಿ ಒರೆಸಬೇಕು. ಇದನ್ನು ಬಿಟ್ಟರೆ ಮೂತ್ರಕೋಶ ತುಂಬಿ ಒಡೆಯುವುದುಂಟು.

ಕಣ್ಣು ತೆರೆದು ಬಾಚಿಹಲ್ಲು ಮೂಡಿದ ಮೇಲೆ ಗಟ್ಟಿ ಆಹಾರ ರುಚಿ ತೋರಿಸಬಹುದು. ಇಲ್ಲಿ ಆಗುವ ತಪ್ಪು ಕಡಲೆಕಾಯಿಯದು. ಅಳಿಲು ಕಡಲೆಕಾಯಿಯನ್ನು ಆಸೆಪಟ್ಟು ತಿನ್ನುತ್ತದೆ, ತಿನ್ನುವ ಚಂದ ನೋಡಿ ಸಾಕಿದವರು ಅದನ್ನೇ ಕೊಡುತ್ತಾರೆ. ಬೆಳೆಯುವ ಮೂಳೆಗೆ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರುವ ಆಹಾರ ಬೇಕು. ಕಡಲೆಕಾಯಿ ಬೀಜದಲ್ಲಿ ರಂಜಕವೇ ಕ್ಯಾಲ್ಸಿಯಂನ ಸುಮಾರು ನಾಲ್ಕು ಪಟ್ಟು, ಸೂರ್ಯಕಾಂತಿ ಬೀಜದಲ್ಲಿ ಇನ್ನೂ ಹೆಚ್ಚು. ಈ ಏರುಪೇರನ್ನು ಸರಿದೂಗಿಸಲು ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಮರಿ ಹಿಂಗಾಲು ಎಳೆಯತೊಡಗುತ್ತದೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯುತ್ತದೆ. ಬೆಳಕೂ ಇದಕ್ಕೆ ಸಂಬಂಧಿಸಿದ್ದು: ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ ಡಿ ಜೀವಸತ್ವ ಚರ್ಮದಲ್ಲಿ ತಯಾರಾಗುವುದು ಬಿಸಿಲಿನ ಅತಿನೇರಳೆ ಕಿರಣದಿಂದ, ಕಿಟಕಿಯ ಗಾಜು ಆ ಕಿರಣವನ್ನು ಬಹುಪಾಲು ತಡೆಯುತ್ತದೆ. ಆದ್ದರಿಂದ ಪಂಜರ ಬೆಳಗಿನ ಎಳೆಬಿಸಿಲಿಗೆ ನೇರವಾಗಿ ಇರಬೇಕು, ನೆರಳಿಗೆ ಸರಿಯಲು ಜಾಗವೂ ಇರಬೇಕು. ಕರ್ನಾಟಕದ ಅಡುಗೆಮನೆಯಲ್ಲಿ ಕ್ಯಾಲ್ಸಿಯಂಗೆ ಒಳ್ಳೆಯ ಧಾನ್ಯವೊಂದಿದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದ್ದು, ರಂಜಕ ಅದಕ್ಕಿಂತ ಕಡಿಮೆ. ಬೇಯಿಸಿದ ರಾಗಿಯನ್ನು ಹಾಲಿನ ಪುಡಿಯೊಂದಿಗೆ ಗಟ್ಟಿಯಾಗಿ ಕಲಸಿ ಕೊಡಬಹುದು. ನುಗ್ಗೆಸೊಪ್ಪಿನ ಚಿಗುರು, ಸೀಬೆ, ಪಪಾಯಿ, ಸೌತೆ, ಹೂವು, ಎಳೆ ತೊಗಟೆ ಜೊತೆಗಿರಲಿ. ಕಾಡಿನಲ್ಲಿ ಹುಳುಹುಪ್ಪಟೆಯನ್ನೂ ತಿನ್ನುವ ಪ್ರಾಣಿ ಇದು. ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟು, ಕರಿದ ತಿಂಡಿ ಬೇಡವೇ ಬೇಡ. ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಸವೆಸಲು ಸೀಬೆ, ಮಾವಿನ ಹಸಿ ಕೊಂಬೆಗಳನ್ನು ಸದಾ ಇಟ್ಟಿರಬೇಕು.

ಆರೈಕೆ ಮಾಡುವವರು ಪ್ರತಿ ಸಲ ಕೈ ತೊಳೆಯಬೇಕು. ಅಳಿಲಿನಿಂದ ರೇಬಿಸ್ ಹರಡುವುದು ತೀರ ಅಪರೂಪವಾದರೂ ಕಚ್ಚಿದ ಗಾಯವನ್ನು ಸಾಬೂನಿನಿಂದ ತೊಳೆದು ವೈದ್ಯರನ್ನು ಕಾಣುವುದು ಸರಿ, ಧನುರ್ವಾಯುವಿನ ಚುಚ್ಚುಮದ್ದು ಬೇಕಾಗಬಹುದು.

ಅಳಿಲು ಸಾಕುಪ್ರಾಣಿಯಲ್ಲ. ಮರಿಯಾಗಿದ್ದಾಗ ಅಂಗಿಯ ಜೇಬಿನಲ್ಲಿ ಮಲಗುವುದೇ ಬಲಿತ ಮೇಲೆ ಗಾಬರಿಗೆ ಕಚ್ಚುತ್ತದೆ, ಪಂಜರದಲ್ಲಿ ಒಂದೇ ಜಾಗದಲ್ಲಿ ಸುತ್ತುತ್ತ ಸೊರಗುತ್ತದೆ. ಮನೆಯ ನಾಯಿ ಬೆಕ್ಕುಗಳೊಡನೆ ಆಡಿ ಬೆಳೆದ ಮರಿಗೆ ಹೊರಗಿನ ಬೆಕ್ಕು ಶತ್ರುವೆಂದು ತಿಳಿಯುವುದಿಲ್ಲ. ಹೀಗಾಗಿ ಕಣ್ಣು ತೆರೆದ ದಿನದಿಂದಲೇ ಮುದ್ದಾಟ ಕಡಿಮೆ ಮಾಡಿ, ಒಬ್ಬರೇ ಕೈಯಾಡಿಸುವುದು, ಸಾಧ್ಯವಾದರೆ ಇನ್ನೊಂದು ಅಳಿಲು ಮರಿಯ ಜೊತೆ ಬೆಳೆಸುವುದು ಒಳ್ಳೆಯದು. ಪಶ್ಚಿಮ ಘಟ್ಟದ ಕೆಂದಳಿಲಿನ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ, ಸಿಕ್ಕ ಕೂಡಲೇ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಊರಿನ ಅಳಿಲಿಗೂ ಪರಿಣತರ ಆರೈಕೆ ಸಿಗುವಂತಿದ್ದರೆ ಅದೇ ಮೇಲು. ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆ ನಡೆಸುವ ವನ್ಯಜೀವಿ ಆಸ್ಪತ್ರೆಯಂಥ ಕಡೆ ಮರಿಗಳನ್ನು ಬೆಳೆಸಿ ಮರಳಿ ಬಿಡುವ ಅನುಭವವಿದೆ.

ಗಟ್ಟಿ ಕಾಯಿಯನ್ನು ತಾನೇ ಒಡೆದು ತಿನ್ನುವ, ನಾರು ಎಳೆದು ಗೂಡು ಮಾಡಿಕೊಳ್ಳುವ, ಅಪರಿಚಿತರನ್ನು ಕಂಡರೆ ಓಡಿ ಅಡಗುವ ಮರಿ ಬಿಡುಗಡೆಗೆ ಸಿದ್ಧವಾದಂತೆ. ಹತ್ತು ವಾರಕ್ಕೆ ಮುಂಚೆ ಅವಸರ ಮಾಡಬಾರದು. ಎತ್ತಿ ಒಯ್ದು ದೂರದ ಕಾಡಿನಲ್ಲಿ ಬಿಡುವುದು ತಪ್ಪು. ಘಟ್ಟದ ಕಾಡುಗಳಲ್ಲಿ ಬೇರೆ ಜಾತಿಯ ಅಳಿಲುಗಳಿವೆ, ಅಲ್ಲಿನ ಆಹಾರ, ಅಪಾಯ ಯಾವುದೂ ಊರಿನ ಅಳಿಲಿಗೆ ಪರಿಚಯವಿಲ್ಲ. ಮರಿ ಸಿಕ್ಕ ಊರಿನಲ್ಲೇ, ಅದರ ಜಾತಿಯ ಅಳಿಲುಗಳು ಓಡಾಡುವ, ಕೀಟನಾಶಕ ಹೊಡೆಯದ ತೋಟದಲ್ಲಿ ಪಂಜರವನ್ನು ಮರಕ್ಕೆ ಕಟ್ಟಿ, ಒಳಗೆ ಗೂಡಿನ ಪೆಟ್ಟಿಗೆ ಇಟ್ಟು, ಒಂದೆರಡು ವಾರ ಅಲ್ಲಿನ ಸದ್ದು, ವಾಸನೆ, ಹವೆ ರೂಢಿಯಾಗಲು ಬಿಡಬೇಕು. ಆಮೇಲೆ ಮಳೆಯಿಲ್ಲದ ದಿನ ಬೆಳಗ್ಗೆ ಬಾಗಿಲು ತೆರೆದರೆ ಅದು ತನ್ನ ಪಾಡಿಗೆ ಹೊರಗೆ ಹೋಗಿ ಕತ್ತಲಾಗುವ ಮುನ್ನ ಮರಳುತ್ತದೆ. ರಾತ್ರಿ ಬಾಗಿಲು ಹಾಕಿ ಬೆಳಗ್ಗೆ ಮತ್ತೆ ತೆರೆಯಬೇಕು. ನೀರು, ಆಹಾರವನ್ನು ಪಂಜರದಲ್ಲಿ ಇಡುತ್ತಲೇ ಇದ್ದು, ಅದು ಮುಟ್ಟದೆ ಉಳಿಯತೊಡಗಿದಾಗ ಕಡಿಮೆ ಮಾಡುತ್ತ ಬರಬೇಕು. ಅಳಿಲು ಬೇರೆ ಕಡೆ ಮಲಗುವುದನ್ನು ರೂಢಿಮಾಡಿಕೊಂಡು ಕೆಲವು ದಿನ ಪಂಜರದತ್ತ ಬಾರದಿದ್ದರೆ ಅದನ್ನು ಇಳಿಸಿ ತೆಗೆಯಬಹುದು.