ಶಿರಸಿಯ ಚಳಿ ಮತ್ತು ಕರಿ ಪೈಪು

ಶಿರಸಿಯ ಚಳಿಗೆ ಹೆಪ್ಪುಗಟ್ಟುವುದು ಕೊಬ್ಬರಿ ಎಣ್ಣೆ ಮಾತ್ರ. ಡಿಸೆಂಬರ್ ಬಂತೆಂದರೆ ಗೂಡಿನಲ್ಲಿದ್ದ ಎಣ್ಣೆ ಬಾಟಲಿ ಬಚ್ಚಲ ಒಲೆಯ ಪಕ್ಕಕ್ಕೆ ಬಂದು ಕೂರುತ್ತದೆ. ಸುಮಾರು 24 ಡಿಗ್ರಿಗೇ ಗಟ್ಟಿಯಾಗುವ ಈ ಎಣ್ಣೆಗೆ ಘಟ್ಟದ ಮೇಲಿನ ಬೆಳಗಿನ ಚಳಿ ಧಾರಾಳವಾಯಿತು. ನೀರಿಗೆ ಅದು ಏನೇನೂ ಸಾಲದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಇರುವುದು ಸಮುದ್ರಮಟ್ಟದಿಂದ 500–600 ಮೀಟರ್ ಎತ್ತರದಲ್ಲಿ. ಕಂಬಳಿ ಹೊದೆಯುವಷ್ಟು ಚಳಿ ಉಂಟು, ಸೊನ್ನೆ ಡಿಗ್ರಿಯ ಮಾತಿಲ್ಲ.

ಆ ಎಣ್ಣೆಯನ್ನೇ ಬಟ್ಟಲಲ್ಲಿಟ್ಟು ಬೆಳಿಗ್ಗೆ ನೋಡಿ. ಮೇಲ್ಮೈ ನಡುವೆ ಸಣ್ಣದೊಂದು ತಗ್ಗು ಬಿದ್ದಿರುತ್ತದೆ. ಫ್ರಿಜ್ಜಿನ ಐಸಿನ ತುಂಡು ನೋಡಿದರೆ ನಡುವೆ ಉಬ್ಬು. ಎಣ್ಣೆ ಗಟ್ಟಿಯಾಗುವಾಗ ಕುಗ್ಗುತ್ತದೆ, ನೀರು ಹಿಗ್ಗುತ್ತದೆ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಪರಸ್ಪರ ಕೈಹಿಡಿದು ಷಟ್ಕೋನದ ಜಾಳಿಗೆ ಹೆಣೆದುಕೊಳ್ಳುತ್ತವೆ, ಒಳಗೆ ಖಾಲಿ ಜಾಗ ಉಳಿಯುತ್ತದೆ. ಅದೇ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹೆಚ್ಚು ಜಾಗ ಕೇಳುತ್ತದೆ. ಪೈಪಿನೊಳಗೆ ಆ ಜಾಗ ಎಲ್ಲಿಂದ ಬರಬೇಕು?

2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸಿನವರಿಗೆ ಇದು ಅನುಭವಕ್ಕೇ ಬಂತು. ಡಲ್ಲಾಸ್‌ನಲ್ಲಿ ಉಷ್ಣಾಂಶ ಮೈನಸ್ 19ರ ತನಕ ಇಳಿಯಿತು, ಲಕ್ಷಾಂತರ ಮನೆಗಳ ಕರೆಂಟು ಹೋಯಿತು. ಸೆಕೆಯ ನಾಡೆಂದು ಅಟ್ಟದ ಮೇಲೆ ಎಳೆದಿದ್ದ ಪೈಪುಗಳು ಒಡೆದು ಸೂರಿನಿಂದ ನೀರು ಸುರಿಯಿತು. ಅಲ್ಲಿ ಕನ್ನಡದ ಕುಟುಂಬಗಳು ಬಹಳ. ಮಲೆನಾಡಿನ ಮನೆಗಳಿಂದ ಹೋಗಿ ನೆಲೆಸಿದವರಿಗೆ ನೀರು ಪೈಪು ಸೀಳುವುದೆಂದರೆ ಹೊಸ ಸಂಗತಿ.

ಸೋಜಿಗವೆಂದರೆ, ಪೈಪು ಒಡೆಯುವುದು ಮಂಜುಗಡ್ಡೆ ಕೂತಲ್ಲೇ ಎಂದೇನಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳು ಇದನ್ನು ತೋರಿಸಿಕೊಟ್ಟವು. ಗಡ್ಡೆ ಬೆಳೆಯುತ್ತ ಪೈಪಿಗೆ ಬಿರಡೆ ಹಾಕಿದಂತಾಗುತ್ತದೆ. ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರುತ್ತದೆ, ದುರ್ಬಲವಾದ ಕಡೆ ಬಿರುಕು ಬಿಡುತ್ತದೆ. ಹೊರಗಿನ ಉಷ್ಣಾಂಶ ಮೈನಸ್ 7ಕ್ಕೆ ಇಳಿದರೆ ರಕ್ಷಣೆಯಿಲ್ಲದ ಪೈಪಿಗೆ ಅಪಾಯ ಎಂದು ಆ ಪ್ರಯೋಗ ನಡೆಸಿದವರು ಲೆಕ್ಕ ಹಾಕಿದರು. ಚಳಿನಾಡಿನವರು ಪೈಪಿಗೆ ಸ್ಪಂಜಿನ ಕವಚ ತೊಡಿಸುವುದರ ಜೊತೆಗೆ ರಾತ್ರಿಯಿಡೀ ನಲ್ಲಿಯನ್ನು ತೊಟ್ಟಿಕ್ಕಲು ಬಿಡುವುದು ಇದಕ್ಕೇ: ಒತ್ತಡಕ್ಕೊಂದು ದಾರಿ ಬೇಕು.

ನಲ್ಲಿ ಮುಚ್ಚದಿರುವ ವಿದ್ಯೆ ಸಿದ್ದಾಪುರದ ಕಡೆ ಹಳೆಯದು. ಗುಡ್ಡದ ಒರತೆಯಿಂದ ಮನೆಯಂಗಳದ ತನಕ ತಾನಾಗಿ ಬರುವ ಅಬ್ಬಿ ನೀರಿಗೆ ಮುಚ್ಚುವ ಪ್ರಶ್ನೆಯೇ ಇಲ್ಲ. ತೊಟ್ಟಿ ತುಂಬಿ ಹೆಚ್ಚಾದದ್ದು ಅಡಿಕೆ ತೋಟಕ್ಕೆ. ಮೊದಲು ಅಡಿಕೆ ಮರ ಸೀಳಿ ತಿರುಳು ತೆಗೆದ ದಬ್ಬೆಗಳಲ್ಲಿ ನೀರು ಬರುತ್ತಿತ್ತು, ಈಗ ಕರಿ ಪೈಪು. ದಬ್ಬೆಯಲ್ಲಿ ಎಲೆ, ಕಸ ಸೇರುತ್ತಿತ್ತು, ಗಾಳಿ ಮಾತ್ರ ಹಿಡಿಯುತ್ತಿರಲಿಲ್ಲ. ಬಾಯಿ ತೆರೆದೇ ಇರುವುದಕ್ಕೆ ಗಾಳಿ ಹಿಡಿಯುವುದಾದರೂ ಹೇಗೆ? ಪೈಪಿನ ದೊಡ್ಡ ರೋಗವೇ ಅದು.

ಚಳಿಗಾಲದಲ್ಲಿ ಈ ರೋಗ ಜೋರು. ಮೊದಲನೆಯದಾಗಿ, ಕರಿ ಪೈಪಿನ ಪ್ಲಾಸ್ಟಿಕ್ಕು ಬಿಸಿಗೆ ಹಿಗ್ಗುವುದರಲ್ಲಿ ಕಬ್ಬಿಣವನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಪೈಪಿನ ಮೈ 20 ಡಿಗ್ರಿ ಏರಿದರೆ 100 ಮೀಟರ್ ಪೈಪು ಒಂದಡಿಗೂ ಮಿಕ್ಕಿ ಉದ್ದವಾಗುತ್ತದೆ. ಆ ಉದ್ದ ಹೋಗುವುದೆಲ್ಲಿಗೆ? ಪೈಪು ಹಾವಿನಂತೆ ಡೊಂಕಾಗಿ ಅಲ್ಲಲ್ಲಿ ನೆಲ ಬಿಟ್ಟು ಏಳುತ್ತದೆ. ಬೆಳಗಿನ ಜಾವ ಕುಗ್ಗುವಾಗ ತಂತಿ ಬಿಗಿದ ಜಾಯಿಂಟುಗಳನ್ನು ಜಗ್ಗುತ್ತದೆ. ಮಣ್ಣಿನೊಳಗೆ ಅರ್ಧ ಅಡಿ ಹೂತರೆ ಈ ಕಾಟ ಬಹುಪಾಲು ತಪ್ಪುತ್ತದೆ. ಆದರೆ ಕಲ್ಲುಗುಡ್ಡದಲ್ಲಿ ಅಗೆಯುವವರು ಯಾರು!

ಎರಡನೆಯದು ನೀರಿನೊಳಗೇ ಕರಗಿದ ಗಾಳಿ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಕಾಡಿನ ನೆರಳಲ್ಲಿ ತಣ್ಣಗಿದ್ದ ನೀರು ಬೇಣದ ಬಿಸಿಲಲ್ಲಿ ಬಿದ್ದ ಪೈಪಿಗೆ ಬಂದಾಗ, ಮಿಕ್ಕ ಗಾಳಿ ಸಣ್ಣ ಗುಳ್ಳೆಯಾಗಿ ಹೊರಬಿದ್ದು ಪೈಪು ಎದ್ದಲ್ಲೆಲ್ಲ ಸೇರಿಕೊಳ್ಳುತ್ತದೆ. ಒರತೆ ಸಣ್ಣಗಾಗುವ ಫೆಬ್ರುವರಿಯಲ್ಲಿ ಪೈಪಿನ ಬಾಯಿಯೂ ಅರ್ಧ ಗಾಳಿ ಕುಡಿಯುತ್ತದೆ.

ಇಷ್ಟು ಗಾಳಿ ಅಷ್ಟು ನೀರನ್ನು ತಡೆಯುವುದು ಹೇಗೆ? ನೀರು ಒಂದು ದಿಬ್ಬ ಹತ್ತಿ ಇಳಿಯುವಾಗ, ಹತ್ತಲು ಬೇಕಾದ ಶಕ್ತಿಯನ್ನು ಇಳಿಯುವ ನೀರಿನ ಭಾರ ವಾಪಸು ಕೊಡಬೇಕು. ಇಳಿಜಾರಿನಲ್ಲಿ ನೀರಿನ ಬದಲು ಗಾಳಿ ಕೂತರೆ ಅದಕ್ಕೆ ಭಾರವೇ ಇಲ್ಲ, ಸಾಲ ತೀರುವುದಿಲ್ಲ. ಅಬ್ಬಿ ಮನೆಗಿಂತ 20 ಮೀಟರ್ ಎತ್ತರದಲ್ಲಿದ್ದು, ದಾರಿಯ ಮೂರು ಇಳಿಜಾರುಗಳಲ್ಲಿ ಆರಾರು ಮೀಟರ್ ಎತ್ತರದಷ್ಟು ಗಾಳಿ ನಿಂತಿದೆ ಎನ್ನಿ. 18 ಮೀಟರ್ ಅಲ್ಲೇ ಮುಳುಗಿತು. ಉಳಿದ ಎರಡು ಮೀಟರಿಗೆ ನೀರು ಸಣ್ಣಗೆ ಒಸರುತ್ತದೆ. ನಾಲ್ಕನೆಯ ಕಡೆ ಗಾಳಿ ಹಿಡಿದರೆ ಅದೂ ಇಲ್ಲ. ಪೈಪು ಎಲ್ಲೂ ಒಡೆದಿಲ್ಲ, ಮೇಲೆ ಒರತೆಯೂ ಬತ್ತಿಲ್ಲ, ಅಂಗಳದಲ್ಲಿ ಮಾತ್ರ ನೀರಿಲ್ಲ.

ಮದ್ದು ಎಲ್ಲರಿಗೂ ಗೊತ್ತು. ಪೈಪಿನ ಗುಂಟ ನಡೆದು, ಎದ್ದು ನಿಂತ ಕಡೆ ಜಾಯಿಂಟು ಸಡಿಲಿಸಿದರೆ ಸುಂಯ್ ಎಂದು ಗಾಳಿ ಹೋಗಿ, ಹಾಲಿನಂಥ ನೊರೆನೀರು ಚಿಮ್ಮಿ, ಆಮೇಲೆ ತಿಳಿಯಾಗುತ್ತದೆ. ಕೆಲವರು ಅಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ಕಡ್ಡಿ ಸಿಕ್ಕಿಸಿರುತ್ತಾರೆ. ಆದರೆ ಆ ದಿಬ್ಬ ಅಬ್ಬಿಗಿಂತಲೂ ಎತ್ತರವಿದ್ದರೆ ಈ ಉಪಾಯ ತಿರುಗುಬಾಣ. ಅಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ತೂತು ಗಾಳಿಯನ್ನು ಬಿಡುವುದಿಲ್ಲ, ಎಳೆದುಕೊಳ್ಳುತ್ತದೆ.

ಇಂಥ ಮನೆಗೆ ಬೆಂಗಳೂರಿನ ನೆಂಟರು ಬಂದರೆ ಇನ್ನೊಂದು ಫಜೀತಿ. ಹಗಲೂ ರಾತ್ರಿ ಸುರಿಯುವ ನೀರು ನೋಡಿ ಜೀವ ತಡೆಯದೆ, ಯಾವಾಗಲೋ ಕೂರಿಸಿದ್ದ ಗೇಟ್ ವಾಲ್ವನ್ನು ಒಳ್ಳೆಯ ಮನಸ್ಸಿನಿಂದಲೇ ತಿರುಗಿಸಿಬಿಡುತ್ತಾರೆ. ಹರಿಯುವಾಗ ತುದಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಒತ್ತಡ, ನಿಂತ ಕೂಡಲೇ ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋದಂತೆ ಏರುತ್ತದೆ. ತೋಟದ ತಲೆಯಲ್ಲೆಲ್ಲೋ ತಂತಿ ಜಾರಿ ಜಾಯಿಂಟು ಕಳಚುತ್ತದೆ, ಮತ್ತೆ ವಾಲ್ವು ತೆರೆದಾಗ ಕೆಳಗಿನ ಪೈಪು ಬರಿದಾಗಿ ಗಾಳಿ ತುಂಬಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಹಂಡೆಗೆ ನೀರಿಲ್ಲ. ಮನೆಯ ಯಜಮಾನರು ಏನೂ ಅನ್ನದೆ ಕತ್ತಿ, ತಂತಿ, ಹಳೇ ಟ್ಯೂಬಿನ ತುಂಡು ಹಿಡಿದು ಅಬ್ಬಿಯ ದಾರಿ ಹಿಡಿಯುತ್ತಾರೆ. ನೆಂಟರು ಗಟ್ಟಿಯಾದ ಎಣ್ಣೆ ಬಾಟಲಿಯನ್ನು ಒಲೆಗೆ ಹಿಡಿದು ಸ್ನಾನಕ್ಕೆ ಕಾಯುತ್ತಾರೆ.