ಸರ್ಕಾರದ ನೀತಿ ಮತ್ತು ನಮ್ಮ ಹೊಲ: ನೀಲಗಿರಿ ಕಲಿಸಿದ ಪಾಠ



ಹೊಲದಲ್ಲಿ ಏನು ಬೆಳೆಯಬೇಕೆಂಬುದನ್ನು ಮಳೆ, ಮಣ್ಣು, ಮಾರುಕಟ್ಟೆಗಳು ನಿರ್ಧರಿಸುತ್ತವೆಂಬುದು ತಾವೆಲ್ಲರೂ ಬಲ್ಲ ವಿಷಯ. ಇವುಗಳೊಡನೆ ಸರ್ಕಾರದ ನೀತಿಯೂ ನಿರ್ಧರಿಸುತ್ತದೆ. ಕೋಲಾರ ಜಿಲ್ಲೆಯ ನೀಲಗಿರಿ ತೋಪುಗಳೇ ಇದಕ್ಕೆ ನಿದರ್ಶನ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಯ ಕೆಳಗೆ ಭತ್ತ, ಬೆದ್ದಲಿನಲ್ಲಿ ರಾಗಿ, ಜೊತೆಗೆ ಅವರೆ, ತೊಗರಿ. ಇದು ಹಿರಿಯರ ಕ್ರಮ. 1974ರಲ್ಲಿ ಭೂ ಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ ಉಳುವವನಿಗೆ ಭೂಮಿ ದೊರೆಯಿತು. ಗೇಣಿಗೆ ಕೊಡುವುದು ನಿಷಿದ್ಧವಾಯಿತು. ಪಟ್ಟಣ ಸೇರಿದವರಿಗೆ ಆಳು, ಕಾವಲು ಹೆಚ್ಚು ಬೇಡದ ಬೆಳೆ ಬೇಕಾಯಿತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಿಂದ ಸಸಿಗಳೂ ಸುಲಭವಾಗಿ ದೊರೆತವು. ನೀಲಗಿರಿಯನ್ನು ದನ ಮೇಯದು, ಬರದಲ್ಲೂ ಅದು ಉಳಿಯುತ್ತದೆ, ಕಟ್ಟಿಗೆಗೆ ಗಿರಾಕಿಯುಂಟು. ಅದನ್ನು ನೆಟ್ಟವರು ಅವಿವೇಕಿಗಳಲ್ಲ; ಅಂದಿನ ನೀತಿಗೆ ತಕ್ಕ ಲೆಕ್ಕವನ್ನೇ ಹಾಕಿದರು.

ಆದರೆ ಆ ಲೆಕ್ಕಕ್ಕೆ ಸೇರದ ಬಾಬುಗಳೂ ಇದ್ದವು. ರಾಗಿಯ ಹೊಲ ತೋಪಾದಲ್ಲಿ ಕೂಲಿಯೂ ದನದ ಹುಲ್ಲೂ ಕಡಿಮೆಯಾದವು. ಬೇರುಗಳು ತೇವ ಹೀರಿದ್ದರಿಂದ ಪಕ್ಕದ ಹೊಲದ ಅಂಚಿನ ಪೈರು ಸೊರಗಿತು. ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರಾಗಿ ಬಿತ್ತಿದವರು ನಾಲ್ಕು ತಿಂಗಳಲ್ಲಿ ಮನಸ್ಸು ಬದಲಿಸಬಹುದು. ನೀಲಗಿರಿಯಾದರೋ 7-8 ವರ್ಷಕ್ಕೊಮ್ಮೆ ಕಡಿದರೂ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಹೀಗೆ ಎರಡು ಮೂರು ಕಟಾವಾಗುವಷ್ಟರಲ್ಲಿ ಒಂದು ತಲೆಮಾರೇ ಕಳೆಯುತ್ತದೆ. ನೀತಿ ಬದಲಾದರೂ ಬೊಡ್ಡೆ ಹೊಲದಲ್ಲೇ ಉಳಿಯುತ್ತದೆ. ಕೀಳಿಸುವ ಖರ್ಚು ರೈತನದೇ.

ಬೊಡ್ಡೆ ಕೀಳಿಸಿದವರು ಗುಂಡಿ ಮುಚ್ಚಿ, ಬದು ಸರಿಪಡಿಸಿ, ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿರಿ. ಮಣ್ಣು ಪರೀಕ್ಷೆ ಮಾಡಿಸಿ, ಕೊಟ್ಟಿಗೆ ಗೊಬ್ಬರ ಹಾಕಿರಿ. ಮೊದಲ ವರ್ಷ ಹುರುಳಿ ಅಥವಾ ಅಲಸಂದೆ ಬೆಳೆದು, ಮರುವರ್ಷ 8 ಸಾಲು ರಾಗಿಗೆ 2 ಸಾಲು ತೊಗರಿ ಬಿತ್ತುವುದು ಒಳ್ಳೆಯದು.

ನೀತಿಗಳು ಇನ್ನೂ ಬದಲಾಗುತ್ತಲೇ ಇವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬಂತು. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. ಆದ್ದರಿಂದ ಸಹಾಯಧನ ಬಂತೆಂದು ಮರ ನೆಡುವ ಮುನ್ನ, ಬೆಲೆ ಬಂತೆಂದು ಜಮೀನು ಮಾರುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಈ ನೀತಿ ನಾಳೆ ಬದಲಾದರೆ, ನನ್ನ ಹೊಲವನ್ನು ಮತ್ತೆ ರಾಗಿಗೆ ತರಬಲ್ಲೆನೇ? ಉತ್ತರ ದೊರೆಯದಿದ್ದರೆ ಒಂದೆರಡು ಮಳೆಗಾಲ ಕಾಯುವುದೇ ಲೇಸು.