ಜಿರಳೆಯ ಬಸಿರಿಗೆ ಬಿಸಿ ಬೇಕು

ಅಡುಗೆಮನೆಯ ಜಿರಳೆಯನ್ನು ಓಡಿಸಲು ಪಾಡುಪಡುವವರಿಗೆ, ಜಿರಳೆ ಸಾಕಿ ಮರಿ ಮಾಡಿಸುವುದು ಕಷ್ಟ ಎಂದರೆ ನಂಬಿಕೆ ಬಾರದು. ಆದರೆ ಮಡಗಾಸ್ಕರ್ ದ್ವೀಪದ ಬುಸುಗುಡುವ ಜಿರಳೆಯನ್ನು ಸಾಕುವ ಅನೇಕರ ದೂರು ಇದೇ: ಚೆನ್ನಾಗಿ ತಿನ್ನುತ್ತವೆ, ಓಡಾಡುತ್ತವೆ, ತಿಂಗಳುಗಟ್ಟಲೆ ಕಾದರೂ ಮರಿಯಿಲ್ಲ. ಕೂಡಲೇ ಅನುಮಾನ ಆಹಾರದ ಮೇಲೆ ಹೋಗುತ್ತದೆ. ನನ್ನ ಪ್ರಕಾರ ಅಲ್ಲಿ ಹುಡುಕುವುದು ವ್ಯರ್ಥ. ಈ ಜಿರಳೆಯ ಸಂತಾನ ನಿಂತಿರುವುದು ಬಿಸಿ ಮತ್ತು ನೆಮ್ಮದಿಯ ಮೇಲೆ.

ಕಾರಣ ಹೆಣ್ಣಿನ ಒಡಲಲ್ಲೇ ಇದೆ. ಅದು ಮೊಟ್ಟೆಗಳನ್ನು ಸಾಲಾಗಿ ಜೋಡಿಸಿದ ಕೆನೆಬಣ್ಣದ ಮೊಟ್ಟೆಚೀಲವನ್ನು ಹಿಂಬದಿಯಿಂದ ನಿಧಾನವಾಗಿ ಹೊರಚಾಚಿ, ತಿರುಗಿಸಿ, ಮತ್ತೆ ಒಳಗೆಳೆದುಕೊಳ್ಳುತ್ತದೆ. ಅಲ್ಲಿಂದ ಸುಮಾರು 60 ದಿನ ಮೊಟ್ಟೆಗಳು ಬೆಳೆಯುವುದು ತಾಯಿಯ ಒಡಲಿನ ಚೀಲದಲ್ಲಿ. ಬಳಿಕ ಇಪ್ಪತ್ತು ಮೂವತ್ತು ಬಿಳಿ ಮರಿಗಳು ಹೊರಬಂದು ಕೆಲವೇ ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತವೆ. ಕೀಟಕ್ಕೆ ತನ್ನದೇ ಮೈಬಿಸಿ ಇಲ್ಲವಾದ್ದರಿಂದ ಪೆಟ್ಟಿಗೆ ತಣ್ಣಗಿದ್ದರೆ ಬಸಿರೂ ತಣ್ಣಗೆ. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುಳು ಬದುಕುತ್ತದೆ, ಸಂತಾನ ಮಾತ್ರ ಹೆಚ್ಚುಕಡಿಮೆ ನಿಂತೇಹೋಗುತ್ತದೆ. 28ರಿಂದ 30 ಡಿಗ್ರಿಗೆ ಏರಿಸಿದರೆ ಅದೇ ಗುಂಪು ಮರಿಹಾಕತೊಡಗುತ್ತದೆ. ಪದೇಪದೇ ಕೈಗೆತ್ತಿಕೊಂಡು ಗಾಬರಿಪಡಿಸಿದರೆ ಹೆಣ್ಣು ಮೊಟ್ಟೆಚೀಲವನ್ನು ಕೆಳಗೆ ಬೀಳಿಸಿಬಿಡುವುದುಂಟು. ಹಾಗೆ ಬಿದ್ದ ಚೀಲ ಒಣಗಿ ಹಾಳಾಗುತ್ತದೆ.

ಮನೆಯ ಜಿರಳೆ ಎಲ್ಲಿ ಬೇಕಾದರೂ ಹೆಚ್ಚುತ್ತದಲ್ಲ ಎಂದು ಕೇಳಬಹುದು. ಜಗತ್ತಿನ ನಾಲ್ಕು ಸಾವಿರಕ್ಕೂ ಮಿಕ್ಕ ಜಿರಳೆ ಪ್ರಭೇದಗಳಲ್ಲಿ ಮನೆಗೆ ಪೀಡೆಯಾದವು ಬೆರಳೆಣಿಕೆಯಷ್ಟು. ಜರ್ಮನ್ ಜಿರಳೆ ಎರಡು ಮೂರು ತಿಂಗಳಲ್ಲೇ ಪ್ರಾಯಕ್ಕೆ ಬರುತ್ತದೆ. ಬುಸುಗುಡುವ ಜಿರಳೆ ಆರು ಸಲ ಪೊರೆ ಕಳಚಿ ಪ್ರಾಯಕ್ಕೆ ಬರಲು ಅರ್ಧ ವರ್ಷ ಬೇಕು. ಒಂದರ ವೇಗವನ್ನು ಇನ್ನೊಂದರಿಂದ ನಿರೀಕ್ಷಿಸಲಾಗದು. ಹಾಗೆಂದು ಬಿಸಿಯನ್ನು ಏರಿಸುತ್ತಲೇ ಹೋಗುವುದೂ ಸಲ್ಲ. ಒಣಬಿಸಿಯಲ್ಲಿ ಪೊರೆ ಮೈಗೆ ಅಂಟಿಕೊಂಡು ಮರಿಗಳು ಸಾಯುತ್ತವೆ. ಹೀಟ್ ಮ್ಯಾಟನ್ನು ಪೆಟ್ಟಿಗೆಯ ಒಂದೇ ಬದಿಗೆ ಅಂಟಿಸಿದರೆ, ಬೇಕಾದ ಬಿಸಿಯನ್ನು ಹುಳುವೇ ಹುಡುಕಿಕೊಳ್ಳುತ್ತದೆ. ತೇವ ಇರಬೇಕು, ಗಾಳಿಯೂ ಆಡಬೇಕು. ಬೂಷ್ಟು ಹಿಡಿದ ಪೆಟ್ಟಿಗೆಯಲ್ಲಿ ಗುಂಪು ಉಳಿಯದು.

ನೆಮ್ಮದಿಯ ಮಾತು ಗಂಡಿಗೂ ಅನ್ವಯಿಸುತ್ತದೆ. ಎದೆಯ ಮೇಲೆ ಎರಡು ಗುಬುಟು, ರೋಮ ತುಂಬಿದ ಮೀಸೆ ಇರುವುದು ಗಂಡು. ಹೊಟ್ಟೆಯ ಬದಿಯ ಉಸಿರುರಂಧ್ರಗಳಿಂದ ಗಾಳಿ ನೂಕಿ ಅದು ಬುಸುಗುಡುತ್ತದೆ: ಹೆದರಿದಾಗ ಒಂದು ಬಗೆ, ಕಾದಾಡುವಾಗ ಒಂದು ಬಗೆ, ಹೆಣ್ಣನ್ನು ಒಲಿಸುವಾಗ ಇನ್ನೊಂದು. ಆ ರಂಧ್ರಗಳನ್ನು ಮುಚ್ಚಿ ಪ್ರಯೋಗ ಮಾಡಿದಾಗ ಮೂಕಗಂಡುಗಳು ಕೂಡುವುದರಲ್ಲಿ ಸೋತವು. ಪೆಟ್ಟಿಗೆಯ ತುಂಬ ಗಂಡುಗಳೇ ಇದ್ದರೆ ಅವುಗಳ ಶಕ್ತಿ ಗಡಿಕಾಳಗಕ್ಕೆ ಸೋರಿಹೋಗುತ್ತದೆ. ಹೆಣ್ಣುಗಳು ಹೆಚ್ಚಿರಲಿ, ಅಡಗಲು ತೊಗಟೆ, ಮೊಟ್ಟೆ ಟ್ರೇಗಳು ಧಾರಾಳವಾಗಿರಲಿ.

ಇಷ್ಟಾದರೂ ಪ್ರೋಟೀನ್ ಹೆಚ್ಚು ಕೊಟ್ಟರೆ ಮರಿ ಹೆಚ್ಚೀತು ಎಂಬ ವಾದ ಉಳಿಯುತ್ತದೆ. ಜಿರಳೆಯ ಮೈಯೇ ಅದಕ್ಕೆ ಉತ್ತರ. ಮಿಕ್ಕ ಸಾರಜನಕವನ್ನು ಅದು ಯೂರಿಕ್ ಆಮ್ಲವಾಗಿ ಕೊಬ್ಬಿನಲ್ಲಿ ಕೂಡಿಡುತ್ತದೆ. ಅಲ್ಲೇ ವಾಸಿಸುವ ಬ್ಲಾಟಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ಕೊರತೆಯ ಕಾಲದಲ್ಲಿ ಆ ಸಾರಜನಕದಿಂದ ಅಮೈನೋ ಆಮ್ಲ ತಯಾರಿಸಿಕೊಡುತ್ತದೆ. ಇಂಥ ಉಗ್ರಾಣ ಇರುವ ಜೀವಿಗೆ ಸ್ವಲ್ಪ ಒಣ ನಾಯಿತಿಂಡಿ, ಕ್ಯಾರೆಟ್, ಸೊಪ್ಪು, ನೀರು ಸಾಕು. ಅದನ್ನು ಸಂಜೆ ಹಾಕಿ, ಹಳಸಿದ್ದನ್ನು ತೆಗೆಯಿರಿ. ಉಳಿದಂತೆ ಬಿಸಿ ತಪ್ಪದಂತೆ ನೋಡಿಕೊಂಡು, ಮೂರು ತಿಂಗಳು ಹುಳುಗಳನ್ನು ಮುಟ್ಟದೆ ಬಿಡಿ.